ಅಡೋಬಿ ಪೋರ್ಟ್‌ಫೋಲಿಯೊ: ಯಾರಿಗೆ ಸಾಕು, ಯಾರಿಗೆ ಸಾಲದು

ಫೋಟೊಶಾಪ್‌ಗೋ ಲೈಟ್‌ರೂಮ್‌ಗೋ ತಿಂಗಳು ತಿಂಗಳು ಹಣ ಕಟ್ಟುವ ಎಷ್ಟೋ ಜನರಿಗೆ ಅದೇ ಚಂದಾದಲ್ಲಿ ಸ್ವಂತ ವೆಬ್‌ಸೈಟ್ ಕಟ್ಟುವ ಸೌಲಭ್ಯವೂ ಸೇರಿದೆ ಅನ್ನುವುದೇ ಗೊತ್ತಿರುವುದಿಲ್ಲ. ಅದೇ ಅಡೋಬಿ ಪೋರ್ಟ್‌ಫೋಲಿಯೊ. ಅಡೋಬಿಯ ಚಂದಾ ಸೇವೆಯಾದ ಕ್ರಿಯೇಟಿವ್ ಕ್ಲೌಡ್‌ನ ಫೋಟೊಗ್ರಫಿ ಪ್ಲಾನ್ ಇದ್ದರೂ ಸಾಕು, ಬೇರೆ ಖರ್ಚಿಲ್ಲದೆ 5 ಸೈಟ್‌ಗಳವರೆಗೆ ಮಾಡಿಕೊಳ್ಳಬಹುದು. ಮುಗಿದ ಕೆಲಸವನ್ನು ಚಿತ್ರವಾಗಿ ತೋರಿಸಿದರೆ ಸಾಕಾಗುವ ಫೋಟೊಗ್ರಾಫರ್, ಇಲಸ್ಟ್ರೇಟರ್, ಗ್ರಾಫಿಕ್ ಡಿಸೈನರ್‌ಗಳಿಗೆ ಇದನ್ನು ಧೈರ್ಯವಾಗಿ ಹೇಳಬಹುದು. ಪ್ರಿಂಟ್ ಮಾರಬೇಕು, ಬ್ಲಾಗ್ ಬರೆಯಬೇಕು, ಪುಟದ ವಿನ್ಯಾಸವನ್ನು ಸ್ವಂತ ಕೋಡ್‌ನಿಂದ ತಿದ್ದಬೇಕು ಅನ್ನುವವರು ಬೇರೆ ಕಡೆ ನೋಡುವುದೇ ಲೇಸು. ಇದರಲ್ಲಿ ಅಂಗಡಿಯೂ ಇಲ್ಲ, ಬ್ಲಾಗೂ ಇಲ್ಲ.

ಕಟ್ಟುವ ಕೆಲಸ ಒಂದು ಮಧ್ಯಾಹ್ನದ್ದು. ಅಡೋಬಿ ಖಾತೆಯಿಂದ ಲಾಗಿನ್ ಆಗಿ ಥೀಮ್ ಆರಿಸಿದರೆ ಖಾಲಿ ಸೈಟ್ ಸಿದ್ಧ. ಕೆಲಸಗಳನ್ನು ತೋರಿಸಲು ಒಂದೊಂದು ಪುಟ, ಪುಟಗಳನ್ನು ಗುಂಪು ಮಾಡಲು ಕಲೆಕ್ಷನ್. ಥೀಮ್ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಆಮೇಲೆ ಬದಲಿಸಿದರೂ ಪುಟಗಳು ಉಳಿಯುತ್ತವೆ. ಕವರ್ ಚಿತ್ರಗಳು ಹೊಸ ಅಳತೆಗೆ ಸರಿಯಾಗಿ ಕೂತಿವೆಯೇ ಎಂದು ಮಾತ್ರ ಒಂದೊಂದಾಗಿ ನೋಡಬೇಕು.

ಕಲಾವಿದರು ಕೆಲಸ ಪ್ರದರ್ಶಿಸುವ ಅಡೋಬಿಯದೇ ತಾಣವಾದ ಬಿಹಾನ್ಸ್‌ನಲ್ಲಿರುವ ಪ್ರಾಜೆಕ್ಟ್‌ಗಳನ್ನೂ ಲೈಟ್‌ರೂಮ್‌ನ ಆಲ್ಬಮ್‌ಗಳನ್ನೂ ನೇರವಾಗಿ ಎಳೆದುಕೊಳ್ಳಬಹುದು. ಇದು ಇದರ ದೊಡ್ಡ ಅನುಕೂಲ. ಹೆಚ್ಚಿನ ಪೋರ್ಟ್‌ಫೋಲಿಯೊಗಳು ಕೆಡುವುದೂ ಇಲ್ಲೇ. ನಾಲ್ಕು ವರ್ಷದ ಕೆಲಸ ನಾಲ್ಕು ಕ್ಲಿಕ್‌ನಲ್ಲಿ ಬಂದು ಕೂತಾಗ ತೆಗೆದುಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ಮದುವೆ ಫೋಟೊ, ಲೋಗೊ, ಕಾಲೇಜಿನ ಅಸೈನ್‌ಮೆಂಟ್ ಎಲ್ಲ ಒಂದೇ ಗ್ರಿಡ್‌ನಲ್ಲಿ ಬೆರೆತರೆ ಕೆಲಸ ಕೊಡುವವರಿಗೆ ನೀವು ಏನು ಮಾಡುವವರು ಎಂದೇ ತಿಳಿಯದು. ಎಂಟರಿಂದ ಹನ್ನೆರಡು ಕೆಲಸ ಧಾರಾಳವಾಯಿತು. ಎರಡು ಬೇರೆ ಬೇರೆ ಬಗೆಯ ಕೆಲಸ ಮಾಡುವವರಾದರೆ ಆ 5 ಸೈಟ್‌ಗಳ ಸೌಲಭ್ಯ ಬಳಸಿ, ಎರಡಕ್ಕೂ ಬೇರೆ ಬೇರೆ ಸೈಟ್ ಮಾಡಿ. ಲೈಟ್‌ರೂಮ್ ಕ್ಲಾಸಿಕ್ (ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಇಡುವ ಆವೃತ್ತಿ) ಬಳಸುವವರ ಆಲ್ಬಮ್ ಇಲ್ಲಿ ಕಾಣದಿದ್ದರೆ ಗಾಬರಿ ಬೇಡ: ಕ್ಲಾಸಿಕ್‌ನಲ್ಲಿ ಆ ಆಲ್ಬಮ್‌ಗೆ (ಅಲ್ಲಿ ಅದರ ಹೆಸರು ಕಲೆಕ್ಷನ್) ಸಿಂಕ್ ಆನ್ ಮಾಡಿದರಷ್ಟೇ ಅದು ಕ್ಲೌಡ್‌ಗೆ ಹೋಗುತ್ತದೆ.

ಚಿತ್ರಗಳ ತಯಾರಿಯಲ್ಲಿ ಆಗುವ ತಪ್ಪನ್ನು ಯಾವ ಥೀಮೂ ಮುಚ್ಚಲಾರದು. ಪ್ರೆಸ್‌ಗೆ ಕಳಿಸಿದ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಲೆಕ್ಕದ) ಫೈಲನ್ನೇ ಜೆಪೆಗ್ ಮಾಡಿ ಏರಿಸಿದರೆ ಬ್ರೌಸರ್‌ನಲ್ಲಿ ಬಣ್ಣ ಎಲ್ಲೆಲ್ಲೋ ಹೋಗುತ್ತದೆ. ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಫೋಟೊದಿಂದ ಪ್ರೊಫೈಲ್ (ಫೈಲಿನ ಅಂಕಿಗಳನ್ನು ಯಾವ ಬಣ್ಣವಾಗಿ ಓದಬೇಕು ಎಂಬ ಮಾಹಿತಿ) ಕಳಚಿಕೊಂಡರೆ ಮೈಬಣ್ಣ ಬಾಡಿದಂತೆ ಕಾಣುತ್ತದೆ. ಏರಿಸುವ ಪ್ರತಿ ಚಿತ್ರವೂ ವೆಬ್‌ನ ಸಾಮಾನ್ಯ ಬಣ್ಣ ವ್ಯವಸ್ಥೆಯಾದ ಎಸ್‌ಆರ್‌ಜಿಬಿಯಲ್ಲಿರಲಿ. ಫೋಟೊಶಾಪ್‌ನಲ್ಲಿ ಇದಕ್ಕೆ ‘ಕನ್ವರ್ಟ್ ಟು ಪ್ರೊಫೈಲ್’ ಬಳಸಬೇಕು. ಅದರ ಪಕ್ಕದಲ್ಲೇ ಇರುವ ‘ಅಸೈನ್ ಪ್ರೊಫೈಲ್’ ಒತ್ತಿದರೆ ಅಂಕಿಗಳು ಹಾಗೇ ಉಳಿದು ಬಣ್ಣದ ಅರ್ಥವೇ ಬದಲಾಗುತ್ತದೆ.

ಅಳತೆಯ ಲೆಕ್ಕ ಸುಲಭ. ಪುಟದಲ್ಲಿ 1200 ಪಿಕ್ಸೆಲ್ ಅಗಲಕ್ಕೆ ಕಾಣುವ ಚಿತ್ರ, ಪಿಕ್ಸೆಲ್ ಸಾಂದ್ರತೆ ಎರಡರಷ್ಟಿರುವ ಪರದೆಯಲ್ಲಿ ಚೂಪಾಗಿ ಕಾಣಬೇಕಾದರೆ 2400 ಪಿಕ್ಸೆಲ್ ಬೇಕು. ಕ್ಯಾಮೆರಾದಿಂದ ಬಂದ 6000 ಪಿಕ್ಸೆಲ್ ಫೈಲು ಏರಿಸಿ ಯಾವ ಲಾಭವೂ ಇಲ್ಲ. ಫೋಟೊಗಳಿಗೆ ಜೆಪೆಗ್ ಗುಣಮಟ್ಟ 75ರಿಂದ 80 ಸಾಕು. ಸಂಜೆಯ ಆಕಾಶದಂಥ ನುಣುಪಾದ ಬಣ್ಣದ ಇಳಿಜಾರಿದ್ದರೆ ಪಟ್ಟೆ ಪಟ್ಟೆಯಾಗದಂತೆ 90ಕ್ಕೆ ಏರಿಸಿ. ಅಕ್ಷರ, ಲೋಗೊ, ಸಪಾಟು ಬಣ್ಣದ ಪೋಸ್ಟರ್‌ಗಳಿಗೆ ಪಿಎನ್‌ಜಿ ಇರಲಿ, ಜೆಪೆಗ್‌ನಲ್ಲಿ ಅಕ್ಷರದ ಅಂಚಿನ ಸುತ್ತ ಕಸ ಮುತ್ತಿಕೊಳ್ಳುತ್ತದೆ. ಬ್ರೋಷರ್ ತೋರಿಸುವವರು ಪೂರ್ತಿ ಹಾಳೆಯನ್ನು ಒಮ್ಮೆ ತೋರಿಸಿ, ಮುಂದಿನ ಚಿತ್ರಗಳಲ್ಲಿ ಹತ್ತಿರದಿಂದ ಕತ್ತರಿಸಿದ ಭಾಗಗಳನ್ನು ಕೊಡಬೇಕು. ಎ3 ಹಾಳೆಯ ಸಣ್ಣಕ್ಷರ ಫೋನ್ ಪರದೆಗೆ ಇಳಿದಾಗ ಬರೀ ಬೂದು ಗೆರೆಯಾಗಿಬಿಡುತ್ತದೆ.

ಅಡೋಬಿ ಫಾಂಟ್ಸ್‌ನ ಅಕ್ಷರಗಳು ಸೈಟಿಗೆ ಸಿಗುವುದು ನಿಜಕ್ಕೂ ಒಳ್ಳೆಯ ಸಂಗತಿ. ಆದರೆ ನೀವು ಆರಿಸಿದ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲದಿದ್ದರೆ ನೋಡುವವರ ಫೋನಿನಲ್ಲಿ ಯಾವುದಿದೆಯೋ ಅದರಲ್ಲಿ ಬರಹ ಮೂಡುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಚೆಂದ ಕಂಡದ್ದು ಇನ್ನೊಬ್ಬರಲ್ಲಿ ಬೇರೆಯೇ ಆಗಿರುತ್ತದೆ. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿಗೆ ತಾಗುತ್ತವೆ, ಹಾಗಾಗಿ ಅಂತರವನ್ನು ಅಕ್ಷರದ ಗಾತ್ರದ 1.6 ಪಟ್ಟಿಗೆ ಹತ್ತಿರ ಇಡಿ.

ಪ್ರತಿ ಪುಟದಲ್ಲೂ ಮೂರು ನಾಲ್ಕು ಸಾಲು ಬರಹ ಬೇಕೇ ಬೇಕು: ಯಾರಿಗಾಗಿ ಮಾಡಿದ್ದು, ಏನು ಕೇಳಿದ್ದರು, ಅದರಲ್ಲಿ ನಿಮ್ಮ ಪಾಲು ಯಾವುದು. ತಂಡದ ಕೆಲಸದಲ್ಲಿ ಈ ಕೊನೆಯದನ್ನು ಬಿಟ್ಟರೆ ಸಂದರ್ಶನದಲ್ಲಿ ಮುಜುಗರವಾಗುತ್ತದೆ. ಯುಎಕ್ಸ್ (ಆ್ಯಪ್, ವೆಬ್‌ಸೈಟ್ ಬಳಸುವವರ ಅನುಭವವನ್ನು ರೂಪಿಸುವ) ಕೆಲಸದವರಿಗೆ ಇಷ್ಟು ಸಾಲದು. ಸಂಶೋಧನೆ, ಕೈಬಿಟ್ಟ ದಾರಿಗಳು, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಉದ್ದಕ್ಕೆ ವಿವರಿಸಬೇಕಾದವರಿಗೆ ಇಲ್ಲಿನ ಪುಟ ವಿನ್ಯಾಸ ಇಕ್ಕಟ್ಟಾಗುತ್ತದೆ.

ಇಡೀ ಸೈಟಿಗಾಗಲಿ ಬೇಕಾದ ಪುಟಕ್ಕಷ್ಟೇ ಆಗಲಿ ಪಾಸ್‌ವರ್ಡ್ ಹಾಕಬಹುದು. ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ ಕೆಲಸವನ್ನು ಪಾಸ್‌ವರ್ಡ್ ಹಿಂದೆ ಇಡುವುದಕ್ಕೂ ಗ್ರಾಹಕರ ಒಪ್ಪಿಗೆ ಬೇಕು ಅನ್ನುವುದನ್ನು ಮರೆಯಬೇಡಿ. ವಿಡಿಯೊವನ್ನು ಯೂಟ್ಯೂಬ್ ಅಥವಾ ವಿಮಿಯೊದಿಂದ ಎಂಬೆಡ್ ಮಾಡುವಾಗ (ನಿಮ್ಮ ಪುಟದೊಳಗೇ ಓಡುವಂತೆ ಜೋಡಿಸುವಾಗ) ಮೂಲ ವಿಡಿಯೊ ‘ಪ್ರೈವೇಟ್’ ಆಗಿದ್ದರೆ ಬೇರೆಯವರಿಗೆ ಕಪ್ಪು ಚೌಕ ಮಾತ್ರ ಕಾಣುತ್ತದೆ. ‘ಅನ್‌ಲಿಸ್ಟೆಡ್’ ಮಾಡಿದರೆ ಸರಿಹೋಗುತ್ತದೆ.

ತಿದ್ದಿದ್ದು ತಾನಾಗಿ ಲೈವ್ ಸೈಟಿಗೆ ಹೋಗುವುದಿಲ್ಲ, ಪ್ರತಿ ಸಲವೂ ಅಪ್‌ಡೇಟ್ ಒತ್ತಬೇಕು. ಒತ್ತಿದ ಮೇಲೆ ಲಾಗಿನ್ ಇಲ್ಲದ ಬ್ರೌಸರಿನಲ್ಲಿ, ವೈಫೈ ಆಫ್ ಮಾಡಿದ ಫೋನಿನಲ್ಲಿ ತೆರೆದು ನೋಡಿ. ಸಂಪರ್ಕದ ಫಾರ್ಮ್‌ನಿಂದ ನಿಮಗೆ ನೀವೇ ಒಂದು ಸಂದೇಶ ಕಳಿಸಿ, ಅದು ಸ್ಪ್ಯಾಮ್‌ಗೆ ಬಿದ್ದಿದೆಯೇ ಎಂದೂ ನೋಡಿ.

ಚಂದಾ ನಿಲ್ಲಿಸಿದರೆ ಸೈಟ್ ಕಾಣದಾಗುತ್ತದೆ. ಈ ಸೇವೆಯ ಬಗ್ಗೆ ದೊಡ್ಡ ಆಕ್ಷೇಪ ಇದೇ. ಕೆಲಸ ಕಡಿಮೆಯಾಗಿ ಖರ್ಚು ಕಡಿತ ಮಾಡುವ ತಿಂಗಳಲ್ಲೇ ಪೋರ್ಟ್‌ಫೋಲಿಯೊ ಹೆಚ್ಚು ಬೇಕಾಗಿರುತ್ತದೆ. ಆದ್ದರಿಂದ ಮೂಲ ಚಿತ್ರಗಳನ್ನೂ ಬರಹವನ್ನೂ ಪ್ರಾಜೆಕ್ಟಿಗೊಂದು ಫೋಲ್ಡರ್‌ನಂತೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಮೈಪೋರ್ಟ್‌ಫೋಲಿಯೊ ಹೆಸರಿನ ಉಚಿತ ವಿಳಾಸಕ್ಕೆ ತೃಪ್ತಿಪಡದೆ, ಡೊಮೇನ್ ಮಾರುವ ಬೇರೊಂದು ಕಂಪನಿಯಲ್ಲಿ (ರಿಜಿಸ್ಟ್ರಾರ್) ಸ್ವಂತ ಡೊಮೇನ್ ಕೊಂಡು ಇದಕ್ಕೆ ಜೋಡಿಸಿ. ಡಿಎನ್‌ಎಸ್ (ಡೊಮೇನ್ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ವ್ಯವಸ್ಥೆ) ಬದಲಾವಣೆ ಎಲ್ಲೆಡೆ ತಲುಪಲು ಒಂದೆರಡು ದಿನ ಹಿಡಿಯಬಹುದು, ಆ ನಡುವೆ ಸೆಟ್ಟಿಂಗ್ ಕೆದಕುತ್ತಾ ಕೂರಬೇಡಿ. ನಾಳೆ ಸೈಟನ್ನು ಇನ್ನೆಲ್ಲಿಗೆ ಒಯ್ದರೂ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾದ ವಿಳಾಸ ಅದೇ ಇರುತ್ತದೆ.