ಕುರಿ, ತಿಪ್ಪೆಗೊಬ್ಬರ, ಸೆಣಬು: ಒಂದೇ ಹೊಲದ ಮೂರು ಪಟ್ಟಿ

ಗದಗ ಜಿಲ್ಲೆಯ ರೋಣದ ಕಡೆ ನಮ್ಮದು 3 ಎಕರೆ ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಹಿಂಗಾರಿಗೆ ಬಿಳಿಜೋಳ ಹಾಕುತ್ತೇವೆ. ಯಾವ ಗೊಬ್ಬರ ಒಳ್ಳೆಯದು ಅಂತ ಅಪ್ಪನಿಗೂ ನನಗೂ ವರ್ಷಾ ಜಗಳ. ಕೊನೆಗೆ ಹೊಲವನ್ನೇ ಮೂರು ಪಟ್ಟಿ ಮಾಡಿದೆ. ಒಂದರಲ್ಲಿ ಬೇಸಿಗೆಗೆ ಕುರಿ ತರುಬಿಸಿದೆ (ರಾತ್ರಿ ಹೊಲದಲ್ಲೇ ಕೂಡಿ ನಿಲ್ಲಿಸಿದೆ), ಒಂದಕ್ಕೆ ತಿಪ್ಪೆಗೊಬ್ಬರ ಹಾಕಿಸಿದೆ, ಇನ್ನೊಂದಕ್ಕೆ ಹಸಿರೆಲೆ ಗೊಬ್ಬರಕ್ಕೆ ಅಂತ ಮುಂಗಾರಿನಲ್ಲಿ ಸೆಣಬು ಚೆಲ್ಲಿದೆ.

ತಿಪ್ಪೆಗೊಬ್ಬರದ್ದು ದೊಡ್ಡ ಕಥೆಯೇನಿಲ್ಲ. ಮನೆಯಲ್ಲಿ ಈಗ ಒಂದೇ ಎಮ್ಮೆ. ಹಾಗಾಗಿ 5 ಟ್ರ್ಯಾಲಿ ಕೊಂಡು ತಂದೆ. ಸರಿಯಾಗಿ ಕೊಳೆತಿರಲಿಲ್ಲ. ಕಸದ ಬೀಜ, ಪ್ಲಾಸ್ಟಿಕ್ ಚೂರು, ಗೊಣ್ಣೆಹುಳು ಎಲ್ಲ ಜೊತೆಗೇ ಬಂದವು. ದುಡ್ಡು ಕೊಟ್ಟು ಕಳೆ ತಂದ ಹಾಗಾಯಿತು.

ಕುರಿಯದ್ದೇ ಬೇರೆ. 400 ಕುರಿ, 5 ರಾತ್ರಿ. ಕುರಿಗಾರನಿಗೆ ದುಡ್ಡು ರಾತ್ರಿಗಿಷ್ಟು ಅಂತ, ಮೇಲೊಂದು ಚೀಲ ಜೋಳ. ಸಂಜೆ ಬಲೆ ಕಟ್ಟಿ ಕುರಿ ಒಳಗೆ ಬಿಡುತ್ತಾರೆ, ಮರುದಿನ ಬಲೆ ಮುಂದಕ್ಕೆ ಹೋಗುತ್ತದೆ. ಹಿಕ್ಕೆ, ಉಚ್ಚೆ ಎರಡೂ ನೇರ ಮಣ್ಣಿಗೆ. ಹೊರುವ, ಹರಡುವ ಕೆಲಸವೇ ಇಲ್ಲ. ಬೆಳಿಗ್ಗೆ ಹೋದರೆ ಮೂಗು ಉರಿಯುವಷ್ಟು ವಾಸನೆ. ಅದು ಸುಮ್ನೆ ವಾಸನೆಯಲ್ಲ, ಸಾರಜನಕ ಗಾಳಿಗೆ ಹೋಗುತ್ತಿರುವುದು. "ಯಜಮಾನ್ರ, ಬಿಸಿಲಿಗೆ ಒಣಗಾಕ ಬಿಡಬ್ಯಾಡ್ರಿ, ಹಿಂದಿಂದ ಕುಂಟಿ ಹೊಡಸ್ರಿ" ಅಂದ ಕುರಿಗಾರ. ಬಲೆ ಕಟ್ಟಿದ ಮೊದಲ ಎರಡು ಜಾಗಕ್ಕೆ ಕುಂಟಿ ಹೊಡೆಸಿ ಹಿಕ್ಕೆ ಮಣ್ಣಿಗೆ ಬೆರೆಸುವುದನ್ನು ನಾನು ಒಂದು ವಾರ ತಡ ಮಾಡಿದೆ. ಜೋಳ ಮೊಣಕಾಲುದ್ದ ಬಂದಾಗ ಆ ಜಾಗ ಎಲ್ಲಿಯದು ಅಂತ ಬದುವಿನ ಮೇಲೆ ನಿಂತೇ ಹೇಳಬಹುದಿತ್ತು. ಉಳಿದ ಕಡೆ ಕಡುಹಸಿರು, ಅಲ್ಲಿ ಮಾತ್ರ ಎಲೆ ತಿಳಿಹಸಿರು.

ಕುರಿಯದ್ದೂ ಒಂದು ಕಾಟವಿದೆ. ಮಳೆ ಬಿದ್ದ ಮೇಲೆ ಪಟ್ಟಿ ತುಂಬ ಬಳ್ಳಾರಿ ಜಾಲಿ ಸಸಿ! ಕುರಿ ಕಾಯಿ ತಿನ್ನುತ್ತದೆ, ಬೀಜ ಹಿಕ್ಕೆಯಲ್ಲಿ ಹಾಗೇ ಬಂದು ಮೊಳೆಯುತ್ತದೆ. ಚಿಕ್ಕದಿದ್ದಾಗಲೇ ಕೀಳಬೇಕು. ಬೇರು ಇಳಿದರೆ ಕೊಡಲಿಯೇ ಗತಿ.

ಸೆಣಬಿನ ಮೇಲೆ ನನಗೆ ಜಾಸ್ತಿ ನಂಬಿಕೆ ಇತ್ತು. ಎಕರೆಗೆ 20 ಕೆಜಿ ಬೀಜ, ಅಷ್ಟೇ ಖರ್ಚು. ಬೇರಿನ ಗಂಟು ಗಾಳಿಯ ಸಾರಜನಕ ಹಿಡಿಯುತ್ತದೆ. ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಬೇಕು. ಮಳೆ ಹಿಡಿದು ಟ್ರ್ಯಾಕ್ಟರ್ ಇಳಿಯಲಿಲ್ಲ, 60 ದಿನ ದಾಟಿತು. ಅಷ್ಟರಲ್ಲಿ ದಂಟು ನಾರಾಗಿತ್ತು. ಹಗ್ಗ ಮಾಡುವ ಗಿಡ ಅಲ್ವಾ ಅದು! ರೋಟವೇಟರ್‌ಗೆ ಸುತ್ತಿಕೊಂಡಿತು. ಮಧ್ಯಾಹ್ನವೆಲ್ಲ ಕುಡುಗೋಲು ಹಿಡಿದು ನಾರು ಕೊಯ್ದೆ. ಇನ್ನೊಂದು ಮಾತು: ಹಿಂಗಾರಿ ಜೋಳ ಬದುಕುವುದೇ ಎರೆಯಲ್ಲಿ ಕೂತ ತೇವದ ಮೇಲೆ. ಅದರಲ್ಲಿ ಸೆಣಬೂ ಪಾಲು ಕುಡಿಯುತ್ತದೆ. ಆ ವರ್ಷ ಮಳೆ ಚೆನ್ನಾಗಿತ್ತು, ಬಚಾವಾದೆ.

ತೆನೆ ತೂಕದಲ್ಲಿ ಕುರಿ ಪಟ್ಟಿ ಮುಂದೆ, ಸೆಣಬು ಸ್ವಲ್ಪ ಹಿಂದೆ, ತಿಪ್ಪೆಗೊಬ್ಬರ ಕೊನೆಗೆ. ತಿಪ್ಪೆಗೊಬ್ಬರದ ಗುಣ ಎರಡನೇ ವರ್ಷಕ್ಕೆ ಕಾಣುತ್ತದೆ ಅಂತ ಅಪ್ಪ ಇನ್ನೂ ಹಟ ಹಿಡಿದಿದ್ದಾರೆ, ಇರಬಹುದು. ನಾನಂತೂ ಕುರಿಗಾರನಿಗೆ ಆಗಲೇ ಫೋನ್ ಮಾಡಿದ್ದೇನೆ. ಈ ಸಲ ಜಾಲಿ ಕಾಯಿ ಉದುರುವ ಮುಂಚೆಯೇ ಬಾ ಅಂದೆ. "ಹಂಗಾದ್ರ ಇನ್ನೊಂದು ಚೀಲ ಜ್ವಾಳ ಹೆಚ್ಗಿ ಕೊಡ್ರಿ" ಅಂದ.