ಮೇಲಿನ ಮನೆ ಬಾಡಿಗೆಗೋ, ಭೋಗ್ಯಕ್ಕೋ?

ಕಟ್ಟಲು ಸಾಲ ಮಾಡಿದ್ದೀರಾ? ಹಾಗಾದರೆ ಭೋಗ್ಯದವರು ತಿಂಗಳ ಬಾಡಿಗೆ ಬದಲು ಮೊದಲೇ ಕೊಡುವ ಇಡಿಗಂಟು ಆಸರೆ, ಸಾಲದ ಬಡ್ಡಿ ತಪ್ಪುತ್ತದೆ. ಆದರೆ ಅದು ನಿಮ್ಮ ದುಡ್ಡಲ್ಲ, ವಾಪಸ್ ಕೊಡಬೇಕಾದ್ದು. ನಾನು ಒಮ್ಮೆ ಮನೆ ಭೋಗ್ಯಕ್ಕೆ ಕೊಟ್ಟಿದ್ದೆ. ಮೂರು ವರ್ಷ ಮುಗಿದಾಗ ದುಡ್ಡು ಹೊಂದಿಸಲು ಹೆಂಡತಿಯ ಬಳೆ ಅಡವಿಡಬೇಕಾಯಿತು. ಕೈಗೆ ಹಣ ಬರುವ ತನಕ ಭೋಗ್ಯದವರು ಕದಲಲಿಲ್ಲ. ಅವರದ್ದೇನು ತಪ್ಪು, ಅಲ್ವಾ?

ತಿಂಗಳ ಖರ್ಚು ತೂಗಿಸಬೇಕಾದವರಿಗೆ, ರಿಟೈರ್ ಆದವರಿಗೆ ಬಾಡಿಗೆಯೇ ಸರಿ. ಕಿರಿಕಿರಿ ಮಾತ್ರ ಜಾಸ್ತಿ. ಐದನೇ ತಾರೀಕು ಕಾಯಬೇಕು, ಮನೆ ಖಾಲಿ ಬಿದ್ದರೆ ಆದಾಯವೂ ಇಲ್ಲ.

ಕಾಗದಪತ್ರ? ಬಾಡಿಗೆ ಕರಾರು 11 ತಿಂಗಳಿಗೆ ಮಾಡುವುದು ರೂಢಿ. ಮೂರು ವರ್ಷದ ಭೋಗ್ಯಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಸುಮ್ನೆ ಸ್ಟಾಂಪ್ ಪೇಪರ್ ಸಾಲದು.

ಸಂಪಿನ ಮೋಟರ್ ಕೆಟ್ಟರೆ ಬಾಡಿಗೆಯವರಾಗಲಿ, ಭೋಗ್ಯದವರಾಗಲಿ ನಿಮ್ಮ ಬಾಗಿಲೇ ತಟ್ಟುತ್ತಾರೆ ಬಿಡಿ.