ಎಸ್‌ಎಕ್ಸ್-70 ಮತ್ತು ಇನ್‌ಸ್ಟ್ಯಾಕ್ಸ್ ಮಿನಿ 90: ಕಲಬುರಗಿಯ ಬಿಸಿಲಿನಲ್ಲಿ ಎರಡು ಕ್ಯಾಮೆರಾಗಳು

ತೆಗೆದ ಚಿತ್ರವನ್ನು ಅಲ್ಲೇ ಹಾಳೆಯ ಮೇಲೆ ಮೂಡಿಸಿಕೊಡುವ ಇನ್‌ಸ್ಟಂಟ್ ಕ್ಯಾಮೆರಾ ಕೊಳ್ಳಬೇಕೆಂದಿರುವವರು ಹಳೆಯದನ್ನು ಕೊಳ್ಳಲೋ ಹೊಸದನ್ನು ಕೊಳ್ಳಲೋ ಎಂದು ಕೇಳಿದಾಗಲೆಲ್ಲ ನಾನು ಮೊದಲು ಅವರ ಊರು ಯಾವುದೆಂದು ವಿಚಾರಿಸುತ್ತೇನೆ. ನಮ್ಮ ಕಲಬುರಗಿಯಲ್ಲಿ ಮಾರ್ಚ್‌ನಿಂದಲೇ ಬಿಸಿಲು ಏರತೊಡಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಪೋಲರಾಯ್ಡ್ ಫಿಲ್ಮಿನಲ್ಲಿ ಚಿತ್ರ ಸರಿಯಾಗಿ ಮೂಡಬೇಕಾದರೆ ಸುತ್ತಲಿನ ಉಷ್ಣಾಂಶ 13ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕೆಂದು ತಯಾರಕರೇ ಹೇಳುತ್ತಾರೆ. ಇನ್‌ಸ್ಟ್ಯಾಕ್ಸ್ ಮಿನಿ ಕ್ಯಾಮೆರಾಗಳಿಗೆ ಹೇಳಿರುವ ಮಿತಿ 5ರಿಂದ 40 ಡಿಗ್ರಿ. ಲೆನ್ಸ್, ಶಟರ್ ವೇಗ, ಬಣ್ಣದ ಗುಣ ಮುಂತಾದವುಗಳ ಬಗ್ಗೆ ಎಷ್ಟು ಬೇಕಾದರೂ ಚರ್ಚಿಸಬಹುದು. ಆದರೆ ಹಲವು ವರ್ಷಗಳಿಂದ ಎರಡೂ ಬಗೆಯ ಕ್ಯಾಮೆರಾಗಳನ್ನು ಇದೇ ಊರಿನಲ್ಲಿ ಬಳಸುತ್ತ ಬಂದಿರುವ ನನ್ನ ಮಟ್ಟಿಗೆ, ಯಾವ ತಿಂಗಳಲ್ಲಿ ಯಾವ ಕ್ಯಾಮೆರಾ ಹೊರಗೆ ಬರಬೇಕೆಂಬುದನ್ನು ತೀರ್ಮಾನಿಸುವುದು ಈ ನಾಲ್ಕು ಅಂಕಿಗಳೇ.

ನನ್ನಲ್ಲಿರುವ ಹಳೆಯ ಕ್ಯಾಮೆರಾ ಪೋಲರಾಯ್ಡ್ ಎಸ್‌ಎಕ್ಸ್-70, ಎಪ್ಪತ್ತರ ದಶಕದ್ದು. ಹೊಸದು ಫ್ಯೂಜಿಫಿಲ್ಮ್‌ನ ಇನ್‌ಸ್ಟ್ಯಾಕ್ಸ್ ಮಿನಿ 90, 2013ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಇವುಗಳ ತಾಂತ್ರಿಕ ವಿವರಗಳು ಎಲ್ಲೆಡೆ ಸಿಗುವುದರಿಂದ ಅವನ್ನು ಇಲ್ಲಿ ಪಟ್ಟಿ ಮಾಡುವುದಿಲ್ಲ. ದಿನಬಳಕೆಯಲ್ಲಿ ಕೈಗೆ, ಕಣ್ಣಿಗೆ ಮತ್ತು ಜೇಬಿಗೆ ತಾಗಿದ ಸಂಗತಿಗಳನ್ನಷ್ಟೇ ಹೇಳುತ್ತೇನೆ.

ಮೊದಲಿಗೆ ‘ಹಳೆಯದು’ ಎಂದರೆ ಏನೆಂಬುದು ಸ್ಪಷ್ಟವಾಗಬೇಕು. ಪೋಲರಾಯ್ಡ್ ಕಂಪನಿಯ ಸ್ಥಾಪಕ ಎಡ್ವಿನ್ ಲ್ಯಾಂಡ್ ಅವರು ತಕ್ಷಣ ಚಿತ್ರ ಮೂಡಿಸುವ ವಿಧಾನವನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದ್ದು 1947ರ ಫೆಬ್ರವರಿಯಲ್ಲಿ. ಮೊದಲ ಕ್ಯಾಮೆರಾ ಬೋಸ್ಟನ್ನಿನ ಅಂಗಡಿಯೊಂದರಲ್ಲಿ ಮಾರಾಟಕ್ಕೆ ಬಂದದ್ದು 1948ರ ನವೆಂಬರಿನಲ್ಲಿ. ಆ ಕಾಲದ ಫಿಲ್ಮಿನಲ್ಲಿ ಎರಡು ಪದರಗಳನ್ನು ಕೈಯಾರೆ ಸುಲಿದು ಬೇರ್ಪಡಿಸಬೇಕಾಗಿತ್ತು. ಸುಲಿಯುವ ಕೆಲಸವೇ ಇಲ್ಲದೆ, ಕ್ಯಾಮೆರಾದಿಂದ ಹೊರಬಂದ ಹಾಳೆಯಲ್ಲೇ ಬೆಳಕಿನೆದುರು ಚಿತ್ರ ಮೂಡುವ ಫಿಲ್ಮು ಬಂದದ್ದು 1972ರಲ್ಲಿ, ಎಸ್‌ಎಕ್ಸ್-70 ಜೊತೆಗೆ. 2008ರಲ್ಲಿ ಪೋಲರಾಯ್ಡ್ ಕಂಪನಿ ಫಿಲ್ಮು ತಯಾರಿಕೆಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ನೆದರ್ಲೆಂಡ್ಸ್‌ನ ಎನ್‌ಸ್ಕೆಡೆಯಲ್ಲಿದ್ದ ಕಾರ್ಖಾನೆಯ ಯಂತ್ರಗಳನ್ನು ಕೊಂಡ ಒಂದು ಸಣ್ಣ ತಂಡ, ‘ಇಂಪಾಸಿಬಲ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ, 2010ರಲ್ಲಿ ಹೊಸ ಫಿಲ್ಮನ್ನು ಹೊರತಂದಿತು. ಯಂತ್ರಗಳು ಉಳಿದಿದ್ದವು; ಹಳೆಯ ಫಿಲ್ಮಿಗೆ ಬೇಕಾದ ರಾಸಾಯನಿಕಗಳು ಮಾತ್ರ ಸಿಗುವಂತಿರಲಿಲ್ಲ. ಹಾಗಾಗಿ ಅವರು ಇಡೀ ಸೂತ್ರವನ್ನು ಹೊಸದಾಗಿ ಕಟ್ಟಬೇಕಾಯಿತು. ಇಂದು ಪೋಲರಾಯ್ಡ್ ಹೆಸರಿನಲ್ಲೇ ಸಿಗುತ್ತಿರುವುದು ಆ ಸೂತ್ರ ಸುಧಾರಿಸುತ್ತ ಬಂದ ಫಿಲ್ಮು. ಆದ್ದರಿಂದ ಹಳೆಯ ಕ್ಯಾಮೆರಾದಿಂದ ಹಳೆಯ ಕಾಲದ ಬಣ್ಣ ಸಿಗುತ್ತದೆಂಬ ನಿರೀಕ್ಷೆಯಿಂದ ಯಾರೂ ಅದನ್ನು ಕೊಳ್ಳಬಾರದು. ಐವತ್ತು ವರ್ಷದ ಕ್ಯಾಮೆರಾದೊಳಗೂ ಇರುವುದು ಈಗಿನ ಫಿಲ್ಮೇ.

ಹಾಗಿದ್ದರೆ ಹಳೆಯ ಕ್ಯಾಮೆರಾದಲ್ಲಿ ದಕ್ಕುವುದೇನು? ನೋಡುವ ಸುಖ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಎಸ್‌ಎಕ್ಸ್-70 ಮಡಚಿದಾಗ ಕೋಟಿನ ಜೇಬಿಗೆ ಇಳಿಯುವಷ್ಟು ತೆಳ್ಳಗಿರುತ್ತದೆ. ಕಣ್ಣಿಟ್ಟು ನೋಡುವ ಕಿಂಡಿಯ, ಅಂದರೆ ವ್ಯೂಫೈಂಡರಿನ, ತುದಿಯನ್ನು ಹಿಡಿದು ಮೇಲಕ್ಕೆತ್ತಿದರೆ ಚರ್ಮ ಹೊದೆಸಿದ ಪಟ್ಟಿಗಳು ಒಂದೊಂದಾಗಿ ಎದ್ದು, ಪಕ್ಕದ ಆಸರೆಯ ಪಟ್ಟಿ ಸಣ್ಣ ಸದ್ದಿನೊಂದಿಗೆ ತನ್ನ ಜಾಗದಲ್ಲಿ ಕೂತು, ಕ್ಯಾಮೆರಾ ನಿಲ್ಲುತ್ತದೆ. ಕಣ್ಣಿಟ್ಟರೆ ಕಾಣುವುದು ಲೆನ್ಸ್ ಕಂಡದ್ದೇ. ಬೆರಳ ತುದಿಯಿಂದ ಚಕ್ರವನ್ನು ತಿರುಗಿಸುತ್ತ ಹೋದಂತೆ ಮಸುಕಾಗಿದ್ದ ವಸ್ತು ನಿಧಾನವಾಗಿ ಅಂಚು ಪಡೆಯುತ್ತದೆ. ನನ್ನ ಮಾದರಿಯಲ್ಲಿರುವ ಸಣ್ಣ ವೃತ್ತದಲ್ಲಿ ಇಬ್ಭಾಗವಾಗಿ ಕಾಣುವ ಗೆರೆಗಳು ಒಂದಕ್ಕೊಂದು ಕೂಡಿಕೊಂಡಾಗ ಫೋಕಸ್ ಸರಿಯಾಯಿತೆಂದು ತಿಳಿಯಬೇಕು. ಯಾವ ಹೆಚ್ಚುವರಿ ಲೆನ್ಸೂ ಇಲ್ಲದೆ ಸುಮಾರು 26 ಸೆಂಟಿಮೀಟರಿನಷ್ಟು ಹತ್ತಿರದ ವಸ್ತುವನ್ನು ಇದು ಹಿಡಿಯಬಲ್ಲದು.

ಅವ್ವ ಅಂಗಳದ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವಾಗ ನಾನು ತೆಗೆದ ಚಿತ್ರವೊಂದನ್ನು ಇದಕ್ಕೆ ಸಾಕ್ಷಿಯಾಗಿ ಕೊಡಬಹುದು. ಬಡಿದ ರೊಟ್ಟಿಯನ್ನು ಎರಡೂ ಅಂಗೈಗಳ ಮೇಲೆ ಎತ್ತಿಕೊಂಡು, ಹಂಚಿಗೆ ಹಾಕುವ ಮುನ್ನ ಆಕೆ ಒಂದು ಕ್ಷಣ ನಿಂತಾಗ ಕೆಂಪು ಗುಂಡಿ ಒತ್ತಿದೆ. ಬಳೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಹಿಟ್ಟು, ರೊಟ್ಟಿಯ ಅಂಚಿನಲ್ಲಿ ಬಿಟ್ಟ ಸಣ್ಣ ಬಿರುಕು, ಬೆರಳಿನ ಒತ್ತು ಬಿದ್ದ ಗುರುತುಗಳು ಅದರಲ್ಲಿ ಹಾಗೆಯೇ ಇವೆ. ಹಿಂದಿನ ಗೋಡೆ ಮಾತ್ರ ಕರಗಿಹೋಗಿದೆ. ಇಂದಿನ ಸಾಮಾನ್ಯ ಇನ್‌ಸ್ಟಂಟ್ ಕ್ಯಾಮೆರಾಗಳಲ್ಲಿ ವ್ಯೂಫೈಂಡರ್ ಲೆನ್ಸಿನ ಪಕ್ಕದಲ್ಲಿ ಬೇರೆಯಾಗಿಯೇ ಇರುತ್ತದೆ. ಮಿನಿ 90ರಲ್ಲೂ ಹತ್ತಿರದ ಚಿತ್ರಕ್ಕಾಗಿ 30ರಿಂದ 60 ಸೆಂಟಿಮೀಟರಿನ ಆಯ್ಕೆ ಇದೆ. ಆದರೆ ಅಷ್ಟು ಹತ್ತಿರದಲ್ಲಿ ಕಣ್ಣಿಗೆ ಕಂಡ ಚೌಕಟ್ಟು ಬೇರೆ, ಫಿಲ್ಮಿನ ಮೇಲೆ ಬಿದ್ದ ಚೌಕಟ್ಟು ಬೇರೆ ಆಗುತ್ತದೆ, ಆ ವ್ಯತ್ಯಾಸವನ್ನು ಅಂದಾಜಿನಿಂದಲೇ ತುಂಬಿಕೊಳ್ಳಬೇಕು.

ಎಸ್‌ಎಕ್ಸ್-70 ಒಳಗೆ ಕನ್ನಡಿ ಏಕೆ ಬೇಕಾಯಿತೆಂಬುದನ್ನು ತಿಳಿದರೆ ಎರಡು ಕ್ಯಾಮೆರಾಗಳ ಆಕಾರದ ವ್ಯತ್ಯಾಸವೂ ಅರ್ಥವಾಗುತ್ತದೆ. ಪೋಲರಾಯ್ಡ್ ಹಾಳೆಯ ಯಾವ ಮುಖದಿಂದ ಬೆಳಕು ಒಳಗೆ ಹೋಗುತ್ತದೆಯೋ ಅದೇ ಮುಖದಲ್ಲಿ ನಾವು ಚಿತ್ರವನ್ನು ನೋಡುತ್ತೇವೆ. ಲೆನ್ಸಿನಿಂದ ಬೆಳಕು ನೇರವಾಗಿ ಬಿದ್ದರೆ ಚಿತ್ರದ ಎಡಬಲ ಅದಲುಬದಲಾಗುವುದರಿಂದ ನಡುವೆ ಒಂದು ಕನ್ನಡಿ ಅನಿವಾರ್ಯ. ಇನ್‌ಸ್ಟ್ಯಾಕ್ಸ್ ಹಾಳೆಗೆ ಬೆಳಕು ಬೀಳುವುದು ಹಿಂಬದಿಯಿಂದ, ನೋಡುವುದು ಮುಂಬದಿಯಿಂದ. ಅಲ್ಲಿ ಕನ್ನಡಿಯ ಅಗತ್ಯವೇ ಇಲ್ಲ. ಅನಿವಾರ್ಯವಾಗಿದ್ದ ಆ ಕನ್ನಡಿಯನ್ನೇ ಬಳಸಿಕೊಂಡು, ಮಡಚಿಡಬಹುದಾದ ದೇಹದೊಳಗೆ ಲೆನ್ಸಿನ ಮೂಲಕವೇ ನೋಡುವ ವ್ಯವಸ್ಥೆಯನ್ನು ಕೂಡಿಸಿದ ಆ ವಿನ್ಯಾಸಕಾರರ ಬುದ್ಧಿಗೆ ನಾನು ಇಂದಿಗೂ ತಲೆದೂಗುತ್ತೇನೆ.

ಇನ್ನು ಬಿಸಿಲಿನ ಮಾತು. ಪೋಲರಾಯ್ಡ್ ಫಿಲ್ಮನ್ನು 4ರಿಂದ 18 ಡಿಗ್ರಿಯ ನಡುವೆ ಇಡಬೇಕೆಂಬುದು ಸೂಚನೆ. ನಮ್ಮ ಮನೆಯ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ತರಕಾರಿಯ ಪಕ್ಕದಲ್ಲಿ, ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯೊಂದು ಫಿಲ್ಮಿಗೆಂದೇ ಇದೆ; ಫ್ರೀಜರಿನಲ್ಲಿ ಮಾತ್ರ ಇಡಬಾರದು. ಬಳಸುವ ಮುನ್ನ ಪೊಟ್ಟಣವನ್ನು ಒಡೆಯದೆ ಹೊರಗಿಟ್ಟು, ಅದು ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಕಾಯುತ್ತೇನೆ, ಇಲ್ಲವಾದರೆ ತೇವ ಕೂಡುತ್ತದೆ. ಹಳೆಯ ಪೊಟ್ಟಣ ತೆಗೆದು ಹೊಸದನ್ನು ಹಾಕುವ ನಡುವೆ, ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಎರಡೂ ರೋಲರುಗಳನ್ನು ಒರೆಸುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ. ಹಾಳೆಯ ಕೆಳಗಿನ ಅಗಲವಾದ ಬಿಳಿ ಅಂಚಿನೊಳಗಿರುವ ರಾಸಾಯನಿಕದ ಚೀಲವನ್ನು ಒಡೆದು, ಅದನ್ನು ಚಿತ್ರದ ಮೇಲೆಲ್ಲ ಸಮನಾಗಿ ಹರಡುವುದು ಈ ರೋಲರುಗಳೇ. ಇವುಗಳ ಮೇಲೆ ಒಣಗಿದ ಒಂದು ಸಣ್ಣ ಕಣ ಉಳಿದರೂ ಮುಂದಿನ ಪ್ರತಿ ಚಿತ್ರದ ಮೇಲೆ ಅದರ ಚುಕ್ಕೆ ಬೀಳುತ್ತದೆ. ಬಾಗಿಲು ಮುಚ್ಚಿದೊಡನೆ ಮೋಟಾರು ಗುರುಗುಟ್ಟಿ ಮೇಲಿನ ಕಪ್ಪು ಹಾಳೆಯನ್ನು ಹೊರದಬ್ಬುತ್ತದೆ. ಆ ಮೋಟಾರಿಗೆ ಬೇಕಾದ ವಿದ್ಯುತ್ತು ಫಿಲ್ಮಿನ ಪೊಟ್ಟಣದೊಳಗಿನ ಚಪ್ಪಟೆ ಬ್ಯಾಟರಿಯಿಂದ ಬರುವುದರಿಂದ ಚಾರ್ಜು ಮಾಡುವ ಗೋಜಿಲ್ಲ. ಹಳೆಯ ಪೊಟ್ಟಣದಲ್ಲಿ ಹತ್ತು ಹಾಳೆಗಳಿರುತ್ತಿದ್ದವು, ಈಗ ಎಂಟು. ಆದ್ದರಿಂದ ಹತ್ತರಿಂದ ಕೆಳಗಿಳಿಯುವ ಕ್ಯಾಮೆರಾದ ಎಣಿಕೆ 2ಕ್ಕೆ ಬಂದು ನಿಂತಾಗ ಫಿಲ್ಮು ಮುಗಿದಿದೆ ಎಂದರ್ಥ.

ಚಿತ್ರ ಹೊರಬಂದ ಮೇಲಿನ ಮೊದಲ ಕ್ಷಣಗಳು ಇನ್ನೂ ಸೂಕ್ಷ್ಮ. ಹೊಸ ಸೂತ್ರದ ಫಿಲ್ಮು ಹೊರಬರುತ್ತಿದ್ದಂತೆ ನೇರ ಬೆಳಕನ್ನು ತಾಳಲಾರದು. ಅದಕ್ಕಾಗಿ ಹೊಸ ಪೋಲರಾಯ್ಡ್ ಕ್ಯಾಮೆರಾಗಳಲ್ಲಿ ಹಾಳೆಯನ್ನು ಮುಚ್ಚುವ ಕಪ್ಪು ಪರದೆ ಇರುತ್ತದೆ. ಎಸ್‌ಎಕ್ಸ್-70ಕ್ಕೆ ಅಂಥದ್ದನ್ನು ಬೇರೆಯಾಗಿ ಕೊಂಡು ಕೂಡಿಸಬೇಕು. ನಂತರ ಚಿತ್ರವನ್ನು ಬೋರಲಾಗಿಟ್ಟು, ಹತ್ತು ಹದಿನೈದು ನಿಮಿಷ ಮುಟ್ಟದೆ ಬಿಡಬೇಕು. ಕೈಯಲ್ಲಿ ಹಿಡಿದು ಬೀಸುವ ಅಭ್ಯಾಸ ಸುಲಿಯುವ ಫಿಲ್ಮಿನ ಕಾಲಕ್ಕೆ ಸೇರಿದ್ದು. ಅದು ಇಲ್ಲಿ ಯಾವ ಉಪಕಾರವನ್ನೂ ಮಾಡದು. ಚಳಿಯ ಊರುಗಳಲ್ಲಿ ಚಿತ್ರವನ್ನು ಅಂಗಿಯೊಳಗಿಟ್ಟು ಬೆಚ್ಚಗೆ ಕಾಯುತ್ತಾರಂತೆ, ಏಕೆಂದರೆ ಚಳಿಯಲ್ಲಿ ಬಣ್ಣಗಳು ನೀಲಿಗೆ ತಿರುಗಿ ಪೇಲವವಾಗುತ್ತವೆ. ನಮ್ಮದು ಅದರ ತದ್ವಿರುದ್ಧ ಕಷ್ಟ: ಸೆಕೆಯಲ್ಲಿ ಇಡೀ ಚಿತ್ರಕ್ಕೆ ಹಳದಿ, ಕೆಂಪಿನ ಛಾಯೆ ಏರುತ್ತದೆ. ಬೇಸಿಗೆಯ ಮಧ್ಯಾಹ್ನ ತೆಗೆದ ನನ್ನ ಚಿತ್ರಗಳಲ್ಲಿ ಬಿಳಿ ಅಂಗಿಯೊಂದೂ ಬಿಳಿಯಾಗಿ ಉಳಿದಿಲ್ಲ. ತಪ್ಪು ಕ್ಯಾಮೆರಾದ್ದೂ ಅಲ್ಲ, ಫಿಲ್ಮಿನದ್ದೂ ಅಲ್ಲ; ಆ ಫಿಲ್ಮನ್ನು ಕೂಡಿಸಿರುವುದು ಇಂಥ ಬಿಸಿಲಿಗಾಗಿ ಅಲ್ಲ, ಅಷ್ಟೇ. ಆದರೆ ಒಂದು ಹಾಳೆಗೆ ತೆತ್ತ ಹಣವನ್ನು ನೆನೆದಾಗ ಹೊಟ್ಟೆ ಉರಿಯದೆ ಇರದು. ನಾನು ಕೊಂಡ ಬೆಲೆಯ ಲೆಕ್ಕದಲ್ಲಿ, ಒಂದು ಪೋಲರಾಯ್ಡ್ ಚಿತ್ರದ ಖರ್ಚಿನಲ್ಲಿ ಹಲವು ಇನ್‌ಸ್ಟ್ಯಾಕ್ಸ್ ಮಿನಿ ಚಿತ್ರಗಳನ್ನು ತೆಗೆಯಬಹುದು. ಏಪ್ರಿಲಿನಲ್ಲಿ ತರಿಸಿದ ಪೊಟ್ಟಣವೊಂದು ಬಿಸಿಲಿನಲ್ಲಿ ಊರೂರು ಸುತ್ತಿ ಕೈಗೆ ಬಂದಾಗ ಮುಟ್ಟಿದರೆ ಬಿಸಿಯಾಗಿತ್ತು. ಮಾರಿದವರಿಗೆ ಬರೆದೆ, ಫಿಲ್ಮನ್ನು ತಂಪಾಗಿ ಸಾಗಿಸುವ ಹೊಣೆ ತಮ್ಮದಲ್ಲವೆಂಬ ಉತ್ತರ ಬಂತು. ಜತನದಿಂದ ಇಡಬೇಕಾದ ವಸ್ತುವನ್ನು ಮಾರುವವರು ಆ ಜತನದ ಪಾಲನ್ನು ಹೊರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟೆಲ್ಲ ಪ್ರೀತಿಯನ್ನು ಹಳೆಯ ಕ್ಯಾಮೆರಾಕ್ಕೆ ಸುರಿದ ನನಗೆ ಮಿನಿ 90 ಮೊದಮೊದಲು ಹಿಡಿಸಲಿಲ್ಲ. ಚಿತ್ರದ ಅಳತೆ 62×46 ಮಿಲಿಮೀಟರ್, ಅಂದರೆ ಮುಖ ನೋಡಲು ಕೈಯನ್ನು ಕಣ್ಣಿನ ಹತ್ತಿರಕ್ಕೆ ತರಬೇಕು. ಕಪ್ಪು ಜಾಗಗಳು ಬೇಗ ಮುಚ್ಚಿಹೋಗುತ್ತವೆ, ಮಧ್ಯಾಹ್ನದ ಆಕಾಶ ಬಿಳಿಯಾಗಿ ಉಳಿಯುತ್ತದೆ. ಇದರಲ್ಲಿ ಫ್ಲ್ಯಾಶ್ ಬೇಡವೆನ್ನುವ ಅವಕಾಶವಾದರೂ ಇದೆ. ಇದಕ್ಕಿಂತ ಅಗ್ಗದ ಮಿನಿ 11ರಲ್ಲಿ ಪ್ರತಿ ಚಿತ್ರಕ್ಕೂ ಫ್ಲ್ಯಾಶ್ ಉರಿದೇ ತೀರುತ್ತದೆ. ಕೈಯಲ್ಲಿ ಹಿಡಿದಾಗಲೂ ಎಸ್‌ಎಕ್ಸ್-70 ಕೊಡುವ ಸಮಾಧಾನ ಈ ಪ್ಲಾಸ್ಟಿಕ್ ದೇಹದಲ್ಲಿಲ್ಲ.

ನನ್ನ ಮನಸ್ಸು ಮೆದುವಾದದ್ದು ಒಂದು ಎಳ್ಳಮಾವಾಸ್ಯೆಯಂದು. ಆ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುತ್ತೇವೆ. ಅಂದು ನಾನು ಎರಡೂ ಕ್ಯಾಮೆರಾಗಳನ್ನು ಒಯ್ದಿದ್ದೆ. ಎಸ್‌ಎಕ್ಸ್-70ರಲ್ಲಿ ಜೋಳದ ತೆನೆಯೊಂದರ ಚಿತ್ರ ತೆಗೆದು ಅದನ್ನು ನೆರಳಿನಲ್ಲಿ ಬೋರಲಾಗಿಟ್ಟು ಕಾಯುತ್ತಿರುವಾಗ, ದೊಡ್ಡವ್ವ ಬಂದು, “ನಂದೊಂದು ಫೋಟೋ ಹೊಡೀಪಾ, ಅದರಾಗ ಅಲ್ಲ, ಆ ಸಣ್ಣದರಾಗ ಹೊಡಿ. ಅದು ಲಗೂನ ಬರ್ತದ,” ಎಂದಳು. ತೆಗೆದುಕೊಟ್ಟೆ. ಬಿಳಿ ಹಾಳೆಯಲ್ಲಿ ಮೊದಲು ಸೀರೆಯ ಅಂಚು, ಆಮೇಲೆ ಹಣೆಯ ಕುಂಕುಮ, ಕೊನೆಗೆ ಮುಖ ಮೂಡಿದ್ದನ್ನು ಆಕೆ ಕಣ್ಣು ಕೀಳದೆ ನೋಡಿ, ಚಿತ್ರವನ್ನು ಎಲೆಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡಳು. ಅದನ್ನು ಕಂಡು ಹೊಲದಲ್ಲಿ ದುಡಿಯುವವರು, ಅವರ ಮಕ್ಕಳು, ಪಕ್ಕದ ಹೊಲದವರು ಸಾಲಾಗಿ ನಿಂತರು. ಯಾರಿಗೂ ಕಾಯಿಸಲಿಲ್ಲ, ಯಾರ ಮುಖವೂ ಹಳದಿಯಾಗಲಿಲ್ಲ, ಫಿಲ್ಮು ಮುಗಿಯುವವರೆಗೂ ಕೊಟ್ಟೆ. ಅವರೆಲ್ಲರ ಚಿತ್ರಗಳು ಯಾರ ಯಾರದೋ ಮೊಬೈಲುಗಳಲ್ಲಿ ಇದ್ದೇ ಇವೆ; ಆದರೆ ಅವರ ಕೈಯಲ್ಲಿ ಒಂದೂ ಇರಲಿಲ್ಲ.

ಎಟಿಎಂ ಕಾರ್ಡಿನಷ್ಟೇ ಇರುವ ಆ ಹಾಳೆಯ ಚಿಕ್ಕತನ ಅಂದಿನಿಂದ ನನಗೆ ಕೊರತೆಯಾಗಿ ಕಾಣುತ್ತಿಲ್ಲ. ಪರ್ಸಿನಲ್ಲಿ, ಫೋನಿನ ಕವರಿನ ಹಿಂದೆ, ದೇವರ ಜಗಲಿಯ ಚೌಕಟ್ಟಿನ ಮೂಲೆಯಲ್ಲಿ ಅದು ಸಹಜವಾಗಿ ಕೂರುತ್ತದೆ. ಬೆಳಕಿಗೆ ಹೆಚ್ಚು ಸೂಕ್ಷ್ಮವಾದ ಐಎಸ್‌ಒ 800ರ ಫಿಲ್ಮಾದ್ದರಿಂದ ಕತ್ತಲು ಕತ್ತಲಾದ ನಡುಮನೆಯಲ್ಲೂ ಸಣ್ಣ ಫ್ಲ್ಯಾಶಿನ ನೆರವಿನಿಂದ ಮುಖಗಳು ಸಿಗುತ್ತವೆ. ಐಎಸ್‌ಒ 160ರಷ್ಟಿರುವ ಎಸ್‌ಎಕ್ಸ್-70 ಫಿಲ್ಮಿನಲ್ಲಿ ಅಂಥ ಕಡೆ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸದೆ ಗತಿಯಿಲ್ಲ. ಮನುಷ್ಯರಿಗೆ ಕೊಡುವ ಚಿತ್ರಕ್ಕೆ ಮಿನಿ 90, ನಾನೇ ಕೂತು ನೋಡುವ ಚಿತ್ರಕ್ಕೆ ಎಸ್‌ಎಕ್ಸ್-70 ಎಂದು ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ. ಬಜೆಟ್ಟು ಒಂದಕ್ಕೇ ಸಾಕಾಗುವುದಾದರೆ, ಉತ್ತರ ಕರ್ನಾಟಕದ ಊರುಗಳಲ್ಲಿರುವವರಿಗೆ ನಾನು ಮಿನಿಯನ್ನೇ ಸೂಚಿಸುತ್ತೇನೆ. ಮಡಿಕೇರಿ, ಚಿಕ್ಕಮಗಳೂರಿನಂಥ ತಂಪಿನ ಕಡೆ ಇರುವವರು, ತಿಂಗಳಿಗೊಂದು ಪೊಟ್ಟಣದ ಖರ್ಚು ತಡೆದುಕೊಳ್ಳಬಲ್ಲವರು ಧಾರಾಳವಾಗಿ ಹಳೆಯದರ ಕಡೆ ಹೋಗಬಹುದು.

ಹಾಗೆ ಹೋಗುವವರು ‘ಸುಸ್ಥಿತಿಯಲ್ಲಿದೆ’ ಎಂಬ ಮಾತನ್ನಷ್ಟೇ ನಂಬಬಾರದು. ಆ ಕ್ಯಾಮೆರಾದಿಂದ ಈಚೆಗೆ ತೆಗೆದ ಚಿತ್ರವನ್ನು ತೋರಿಸಲು ಕೇಳಬೇಕು. ಮಡಿಕೆಯ ಕಪ್ಪು ರಬ್ಬರಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಸೋರುತ್ತದೆ. ಮೇಲಿನ ಚರ್ಮ ಎದ್ದಿದ್ದರೆ ಚಿಂತೆಯಿಲ್ಲ, ಅದನ್ನು ಹೊಸದಾಗಿ ಹೊದೆಸಬಹುದು. ಮೋಟಾರು ಮತ್ತು ಶಟರಿನ ದುರಸ್ತಿಗೆ ಮಾತ್ರ ನಮ್ಮಲ್ಲಿ ಕೈ ಹಾಕುವವರು ಬಹಳ ವಿರಳ. ಸುಲಿಯುವ ಫಿಲ್ಮಿನ ಇನ್ನೂ ಹಳೆಯ ಲ್ಯಾಂಡ್ ಕ್ಯಾಮೆರಾಗಳು ಅಗ್ಗವಾಗಿ ಸಿಕ್ಕಿದರೂ ಕೊಳ್ಳದಿರುವುದು ಲೇಸು, ಏಕೆಂದರೆ ಅವುಗಳಿಗೆ ಹೊಂದುತ್ತಿದ್ದ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಫ್ಯೂಜಿಫಿಲ್ಮ್ 2016ರಲ್ಲೇ ತಿಳಿಸಿತು. ಎಸ್‌ಎಕ್ಸ್-70 ಫಿಲ್ಮನ್ನು ನಾನು ದೀಪಾವಳಿ ಕಳೆದ ಮೇಲೆ ತರಿಸುತ್ತೇನೆ. ಶಿವರಾತ್ರಿಯ ಹೊತ್ತಿಗೆ ಅದನ್ನು ಮುಗಿಸಿ, ರೋಲರುಗಳನ್ನು ಒರೆಸಿ, ಕ್ಯಾಮೆರಾವನ್ನು ಮಡಚಿ ಕಪಾಟಿನಲ್ಲಿಡುತ್ತೇನೆ.